ಮೋಡಿ ಅಕ್ಷರದ ವಿಡಿಯೊ ಗೇಮು

ಮೂಡಲಗಿಯಿಂದ ತಮ್ಮ ಒಂದು ಚೀಲ ಕಳಿಸಿದ್ದಾನೆ. ನಮ್ಮ ಬಟ್ಟೆ ಅಂಗಡಿಯದೇ ಚೀಲ. ಒಳಗೆ ಹಳದಿ ಬಣ್ಣದ ಒಂದು ವಿಡಿಯೊ ಗೇಮ್ ಕ್ಯಾಸೆಟ್ಟು, ವಯರು ಸುತ್ತಿಟ್ಟ ಒಂದು ರಿಮೋಟು, ಐದನೇ ಇಯತ್ತೆಯ ನನ್ನ ಇತಿಹಾಸದ ನೋಟ್‌ಬುಕ್ಕು. ಇದನ್ನೆಲ್ಲ ಯಾಕೆ ಕಳಿಸಿದೆ ಎಂದು ಫೋನು ಮಾಡಿ ಕೇಳಿದೆ.

“ಅಟ್ಟಾ ಸ್ವಚ್ಛ ಮಾಡಿದ್ವಿ ಅಕ್ಕಾ. ಒಗದ ಬಿಡಬೇಕಂತ ಮಾಡಿದ್ದೆ. ಆಮ್ಯಾಲ ನೀ ಬೈತಿ ಅಂತ ಕಳಿಸೇನಿ.”

“ನಾ ಏನ ಮಾಡ್ಲಿ ಇದನ್ನ?”

“ನೀನ ಒಗಿ,” ಎಂದು ಫೋನು ಇಟ್ಟ.

ಎಸೆಯುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಮೂರು ದಿನದಿಂದ ಚೀಲ ಮೇಜಿನ ಮೇಲೆಯೇ ಇದೆ. ಹುಕ್ಕೇರಿಯ ಈ ಬಾಡಿಗೆ ಮನೆಯಲ್ಲಿ ನನಗಿರುವುದು ಒಂದೇ ಮೇಜು. ಅದರ ಅರ್ಧ ಮಕ್ಕಳ ಉತ್ತರ ಪತ್ರಿಕೆಗಳದ್ದು, ಇನ್ನರ್ಧ ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಂಪ್ಯೂಟರಿನದು. ನಡುವೆ ಈ ಚೀಲ ಬಂದು ಕೂತಿದೆ, ಎಬ್ಬಿಸಲು ಸಂಕೋಚವಾಗುವ ನೆಂಟರ ಹಾಗೆ.

ನೀವು ನಗಬಹುದು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಿಗೆ ವಿಡಿಯೊ ಗೇಮಿನ ಚಟವೇ ಎಂದು. ನಮ್ಮ ಶಾಲೆಯ ಗಣಿತದ ಸರ್ ದಿನಾ ನಗುತ್ತಾರೆ. ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಾಕು, “ಏನ್ರಿ ಮೇಡಮ್ಮಾರ, ನಿನ್ನಿ ಎಷ್ಟ ಮಂದಿನ್ನ ಮಲಗಿಸಿದ್ರಿ?” ಎನ್ನುತ್ತಾರೆ. ಮೊದಲು ಲೆಕ್ಕ ಹೇಳಿ ನಾನೂ ನಗುತ್ತಿದ್ದೆ. ಈಚೆಗೆ ಆ ಉಮೇದು ಉಳಿದಿಲ್ಲ. ಗೋಕಾಕಕ್ಕೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಿಂದ ಒಂದು ಸೀಡಿ ತರುತ್ತೇನೆ. ರವಿವಾರ ಮಧ್ಯಾಹ್ನ ಹಾಕಿಕೊಂಡು ಕೂಡುತ್ತೇನೆ. ಮೊದಲ ಹತ್ತು ನಿಮಿಷದಲ್ಲಿ ನಾಯಕನ ಊರು ಸುಡುತ್ತದೆ. ಅಪ್ಪ ಸಾಯುತ್ತಾನೆ, ಸಾಯುವ ಮುಂಚೆ ಅರ್ಧ ಮಾತು ಹೇಳುತ್ತಾನೆ. ಉಳಿದ ಅರ್ಧ ಮಾತಿಗಾಗಿ ನಾನು ನಲವತ್ತು ತಾಸು ಗುಡ್ಡ ಗವಿ ಅಲೆಯಬೇಕು. ಊರು ಸುಡದಿದ್ದರೆ ನಾಯಕನಿಗೆ ನೆನಪು ಹೋಗಿರುತ್ತದೆ. ಹಾಸಿಗೆಯಿಂದ ಎದ್ದು, ನಾನು ಯಾರು ಎಂದು ನನ್ನನ್ನೇ ಕೇಳುತ್ತಾನೆ. ನನಗೇನು ಗೊತ್ತಪ್ಪ, ಹೋದ ಸಲ ತಂದ ಸೀಡಿಯಲ್ಲೂ ಒಬ್ಬ ಹೀಗೇ ಕೇಳಿದ್ದ.

ಅದಕ್ಕಿಂತ ಹೆಚ್ಚು ಸುಸ್ತು ಮಾಡುವುದು ಅವರ ಮಾತು. ಬಾಗಿಲ ಮುಂದೆ ನಿಂತರೆ ಇದು ಬಾಗಿಲು ಎನ್ನುತ್ತಾರೆ. ಕೀಲಿ ಸಿಕ್ಕರೆ ಇದು ಆ ಬಾಗಿಲಿನ ಕೀಲಿ ಇರಬಹುದೇ ಎಂದು ಅನುಮಾನಪಡುತ್ತಾರೆ. ಬಾಗಿಲು ತೆಗೆದ ಮೇಲೆ, ನೋಡಿದೆಯಾ ತೆಗೆಯಿತು ಎನ್ನುತ್ತಾರೆ. ಒಂಬತ್ತನೇ ತರಗತಿಗೆ ಸಂಧಿ ಕಲಿಸುವಾಗ ನಾನೂ ಒಂದೇ ಮಾತನ್ನು ಇಷ್ಟೇ ಸಲ ಹೇಳುತ್ತೇನೆ, ಖರೆ. ಆದರೆ ನನಗೆ ಅದಕ್ಕೆ ಪಗಾರ ಬರುತ್ತದೆ.

ಯಾರೂ ಕೇಳಿಲ್ಲ, ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಆಟದ ಕಥೆ ಆಡುವವರಿಗೆ ಪೂರ್ತಿ ತಿಳಿಯಬಾರದು. ಸ್ವಲ್ಪ ಕತ್ತಲೆ ಇರಬೇಕು, ಅಲ್ಲಿ ನಮ್ಮದೂ ಏನಾದರೂ ಇಟ್ಟುಕೊಳ್ಳಲು ಬರಬೇಕು. ನಾನು ಇಲ್ಲಿಯವರೆಗೆ ಆಡಿದ ಆಟಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಥೆ ಇದ್ದದ್ದು ಈ ಹಳದಿ ಕ್ಯಾಸೆಟ್ಟಿನಲ್ಲಿ. ಅದರಲ್ಲಿ ಬರುತ್ತಿದ್ದ ಬರಹದ ಒಂದಕ್ಷರವೂ ನನಗೆ ಓದಲು ಬರುತ್ತಿರಲಿಲ್ಲ. ಅಜ್ಜ ಓದಿ ಹೇಳುತ್ತಿದ್ದ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಇಚಲಕರಂಜಿಯ ಮಾಮಾ, ಅಂದರೆ ಅವ್ವನ ತಮ್ಮ, ಆಟದ ಡಬ್ಬಿಯನ್ನೂ ಈ ಒಂದೇ ಕ್ಯಾಸೆಟ್ಟನ್ನೂ ತಂದುಕೊಟ್ಟಿದ್ದ. ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟಿವಿ. ಬಸದಿಗೆ ಹೋಗುವ ಮನೆತನ ನಮ್ಮದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಶಾಲೆ ಬಿಟ್ಟು ಬಂದದ್ದಕ್ಕೂ ಅವ್ವ ತಾಟು ಹಾಕುವುದಕ್ಕೂ ನಡುವೆ ಸಿಕ್ಕಷ್ಟೇ ಆಟ, ಅದರಲ್ಲಿ ಕರೆಂಟಿನವರು ತಮ್ಮ ಪಾಲು ಕಿತ್ತುಕೊಳ್ಳುತ್ತಿದ್ದರು. ಆಟವನ್ನು ನಿನ್ನೆ ಬಿಟ್ಟಲ್ಲಿಂದ ಮುಂದುವರಿಸುವ ಸೌಕರ್ಯ ಆಗ ಇರಲಿಲ್ಲ, ದಿನವೂ ಮೊದಲಿನಿಂದ ಶುರು ಮಾಡಬೇಕು. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುವುದರಿಂದ ನಮ್ಮ ಆಟಗಾರ ಎರಡನೇ ಹಂತ ದಾಟುತ್ತಿರಲಿಲ್ಲ.

ಆಟಗಾರನೆಂದರೆ ಟೊಪ್ಪಿಗೆ ಹಾಕಿಕೊಂಡ ಒಬ್ಬ ಗಿಡ್ಡ ಮನುಷ್ಯ. ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ಬಡಿಗೆ. ಎಡದಿಂದ ಬಲಕ್ಕೆ ನಡೆಯುತ್ತಾನೆ. ಎದುರಿಗೆ ಏಡಿ ಬರುತ್ತವೆ, ಹಕ್ಕಿ ಬರುತ್ತವೆ, ಬಡಿಗೆ ಹಿಡಿದ ಬೇರೆ ಗಿಡ್ಡರು ಬರುತ್ತಾರೆ. ರಿಮೋಟಿನಲ್ಲಿ ಎರಡು ಗುಂಡಿ. ಕಪ್ಪು ಒತ್ತಿದರೆ ಹೊಡೆಯುತ್ತಾನೆ, ಕೆಂಪು ಒತ್ತಿದರೆ ಹಾರುತ್ತಾನೆ. ಆಟ ಶುರುವಾಗುವ ಮುಂಚೆಯೂ ಒಂದೊಂದು ಹಂತ ಮುಗಿದಾಗಲೂ ಪರದೆಯ ತುಂಬ ಅಕ್ಷರ ಬರುತ್ತಿದ್ದವು. ಆಗಲೂ ಕೆಂಪು ಗುಂಡಿ ಒತ್ತಬೇಕು, ಮುಂದಿನ ಪುಟ ತೆರೆಯುತ್ತದೆ. ಒತ್ತದಿದ್ದರೆ ಅಕ್ಷರಗಳು ಅಲ್ಲೇ ನಿಂತಿರುತ್ತವೆ.

ಆ ಅಕ್ಷರ ಯಾವ ಭಾಷೆಯದೆಂದು ತಿಳಿಯಲು ನಾನೂ ತಮ್ಮನೂ ಬಹಳ ತಲೆ ಓಡಿಸಿದೆವು. ಕನ್ನಡ ಅಲ್ಲ. ಹಿಂದಿ ಮರಾಠಿ ಅಲ್ಲ. ಇಂಗ್ಲಿಷ್ ಅಲ್ಲ. ಸಂತೆ ಪೇಟೆಯ ಅತ್ತರಿನ ಅಂಗಡಿಯ ಬೋರ್ಡು ಕಂಡಿದ್ದರಿಂದ ಉರ್ದುವೂ ಅಲ್ಲವೆಂದು ಗೊತ್ತಿತ್ತು. ನಮ್ಮ ಜಗತ್ತಿನಲ್ಲಿ ಉಳಿದದ್ದು ಒಂದೇ. ತಮ್ಮ ಹೇಳಿದ, “ಅಕ್ಕಾ, ಇದು ಅಜ್ಜನ ಕಾಗದದಾಗಿನ ಅಕ್ಷರ.”

ಅಜ್ಜನ ಕಾಗದವೆಂದರೆ ಮೋಡಿ ಕಾಗದ. ನಮ್ಮ ಕಡೆ ಹಿಂದಿನವರು ಹೊಲಮನೆಯ ಪತ್ರಗಳನ್ನು ಮೋಡಿ ಎಂಬ ಲಿಪಿಯಲ್ಲಿ ಬರೆಯಿಸುತ್ತಿದ್ದರು. ಭಾಷೆ ಮರಾಠಿ, ಆದರೆ ಅಕ್ಷರ ಒಂದಕ್ಕೊಂದು ಸುತ್ತಿಕೊಂಡು ಓಡುತ್ತವೆ, ಮರಾಠಿ ಬಲ್ಲವರಿಗೂ ಓದಲು ಬರುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಅದನ್ನು ಓದುತ್ತಿದ್ದ ಕೆಲವೇ ಮಂದಿಯಲ್ಲಿ ಅಜ್ಜ ಒಬ್ಬ. ಹತ್ತರಗಿಯಿಂದ, ಹುಕ್ಕೇರಿಯಿಂದ ಜನ ಟ್ರಂಕಿನ ತಳದ ಕಾಗದ ಹಿಡಿದು “ಮೋಡಿ ಅಜ್ಜಾರ ಮನಿ ಯಾವ್ದ್ರಿ?” ಎಂದು ಕೇಳುತ್ತ ಬರುತ್ತಿದ್ದರು. ನನಗೆ ಬುದ್ಧಿ ಬರುವ ಹೊತ್ತಿಗೆ ಅಂಥವರು ಕಡಿಮೆಯಾಗಿದ್ದರು, ಎರಡು ಮೂರು ತಿಂಗಳಿಗೆ ಒಬ್ಬರು. ಉಳಿದ ದಿನ ಅಜ್ಜ ಪಡಸಾಲೆಯಲ್ಲಿ ಕೂತು, ನಮ್ಮ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಸುಮ್ಮನೆ ಮೋಡಿ ಬರೆಯುತ್ತಿದ್ದ. ಕೈ ಮರೆಯಬಾರದು ಎನ್ನುತ್ತಿದ್ದ.

ಹಾಗಾಗಿ ನಾವು ಅವನನ್ನು ಕೈಹಿಡಿದು ಟಿವಿಯ ಮುಂದೆ ಕೂಡಿಸಿದೆವು. ಕನ್ನಡಕ ಏರಿಸಿ, ಪರದೆಗೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ನೋಡಿದ. ಅಕ್ಷರಗಳ ಸುತ್ತ ಒಂದು ಚೌಕಟ್ಟಿತ್ತು. ಅದರ ಮೇಲಿನ ಗೆರೆ ಕಂಡದ್ದೇ ಅವನ ಮುಖ ಅರಳಿತು.

“ಮ್ಯಾಲೆ ಗೆರಿ ಎಳದಾರ ನೋಡ್ರಿ. ಮೋಡಿ ಬರಿಯಾವ್ರು ಮೊದಲ ಗೆರಿ ಎಳದ, ಆಮ್ಯಾಲ ಅದಕ್ಕ ಅಕ್ಷರ ತೂಗಹಾಕ್ತಾರ. ಇದು ಬಾಳ ಹಳೀ ಮೋಡಿ ಇದ್ದಂಗೈತಿ.”

“ಏನ ಬರದೈತಿ ಅಜ್ಜಾ?”

ಗೆರೆಯ ಗುಂಟ ಬೆರಳಾಡಿಸಿ ಹೇಳಿದ, “ಇಂವಾ ಒಂದ ಪತ್ರ ತಗೊಂಡ ಹೊಂಟಾನ.”

“ಯಾರಿಗೆ?”

“ಅದನ್ನ ಮುಂದ ಬರದಿರಬೇಕು.”

“ಮತ್ತ ಕೈಯಾಗ ಬಡಗಿ ಯಾಕ ಐತಿ?”

“ದಾರ್ಯಾಗ ನಾಯಿ ಇರ್ತಾವಲ್ಲ ತಂಗಿ. ಹೊಡಿಯಾಕಲ್ಲ, ತೋರ್ಸಾಕ. ಯಾರನ್ನೂ ಹೊಡಿಬ್ಯಾಡ, ದಾಟಿ ಹೋಗು ಅಂತ ಬರದೈತಿ.”

ಇರುವೆ ಕಂಡರೆ ಕಾಲೆತ್ತಿ ಇಡುವ ಮನೆ ನಮ್ಮದು. ಹಾಗೆ ಬರೆದಿದೆ ಎಂದರೆ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಮರೆತು ಒತ್ತಿಬಿಟ್ಟೇವೆಂದು ತಮ್ಮ ಕಪ್ಪು ಗುಂಡಿಯ ಮೇಲೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಹಚ್ಚಿದ. ಅಂದಿನಿಂದ ಮೂರು ತಿಂಗಳು ನಾವು ಒಂದು ಏಡಿಯನ್ನೂ ಕೊಲ್ಲದೆ ಆಡಿದೆವು. ಎಷ್ಟು ಕಷ್ಟವೆಂದರೆ, ಹೊಡೆದರೆ ಒಂದು ಕ್ಷಣದಲ್ಲಿ ಸಾಯುವವನನ್ನು ದಾಟಲು ಅವನ ನಡಿಗೆ, ಅವನು ತಿರುಗುವ ಹೊತ್ತು, ಅವನು ದಣಿದು ನಿಲ್ಲುವ ಜಾಗ, ಎಲ್ಲ ಬಾಯಿಪಾಠವಾಗಬೇಕು. ಮೂರನೇ ಹಂತದಲ್ಲಿ ಬಾವಿಯ ಹತ್ತಿರ ಒಬ್ಬನಿದ್ದ. ಅವನಿಗೆ ಹೆಂಡತಿ ಸತ್ತಿದ್ದಾಳೆ, ಅದಕ್ಕೇ ಸಿಟ್ಟು ಎಂದು ಅಜ್ಜ ಓದಿದ್ದ. ಅವನನ್ನು ದಾಟುವಾಗ ತಮ್ಮ ಮೆಲ್ಲಗೆ “ಹೋಗಿ ಬರ್ತೇವ್ರಿ” ಎನ್ನುತ್ತಿದ್ದ. ಈಗಿನ ಯಾವ ಆಟದಲ್ಲಿ, ಹೇಳಿ, ಎದುರಾಳಿಗೆ ಹೀಗೆ ಹೇಳಬೇಕೆನಿಸುತ್ತದೆ?

ಒಂದೊಂದು ಪುಟ ಬಂದಾಗಲೂ ಅಜ್ಜನನ್ನು ಕರೆಯುತ್ತಿದ್ದೆವು. ಬರಬರುತ್ತ ಅವನು ಕರೆಯುವ ಮೊದಲೇ ಕನ್ನಡಕ ಒರೆಸಿಕೊಂಡು ಬಂದು ಕೂತಿರುತ್ತಿದ್ದ. ಅವನ ಕಣ್ಣು ಅಕ್ಷರದ ಮೇಲೆಯೇ ಇರುತ್ತಿತ್ತು, ನಮ್ಮ ಕೈಯಲ್ಲಿ ಏನು ನಡೆದಿದೆ ಎಂದು ಒಮ್ಮೆಯೂ ನೋಡಲಿಲ್ಲ. ನಾನು ಆ ಕಥೆಯನ್ನು ಶಾಲೆಯಲ್ಲಿ ದಿನಕ್ಕಿಷ್ಟು ಹೇಳುತ್ತಿದ್ದೆ. ಪತ್ರ ಯಾರಿಗೆ, ಅದರಲ್ಲಿ ಏನಿದೆ ಎಂದು ಹುಡುಗಿಯರು ಕೇಳಿ ಕೇಳಿ ಸಾಕುಮಾಡುತ್ತಿದ್ದರು. ನಮ್ಮ ವಾಡೆಯಲ್ಲಿ ಇದಕ್ಕೆ ಮೋಡಿ ಆಟವೆಂದೇ ಹೆಸರಾಯಿತು.

ಬೇಸಿಗೆಯ ಒಂದು ರವಿವಾರ ನಾವು ಕೊನೆಯ ಅಗಸೆಬಾಗಿಲು ಮುಟ್ಟಿದೆವು. ಅಲ್ಲೊಬ್ಬ ದೈತ್ಯ ನಿಂತಿದ್ದ. ಅವನ ಮೇಲಿಂದ ಹಾರಲು ಬರುವುದಿಲ್ಲ, ಕೆಳಗಿಂದ ನುಸುಳಲು ಬರುವುದಿಲ್ಲ. ಅದಕ್ಕೂ ಮುಂಚೆ ಒಂದು ಪುಟ ಬಂದಿತ್ತು. ಅಜ್ಜ ಅದರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತ.

“ನಿಂದ್ರು ಅಂತ ಬರದೈತಿ,” ಎಂದ.

“ಎಷ್ಟೊತ್ತ?”

“ಅಂವಾ ಬಾಗಲಾ ತಗಿಯೂತನಕ.”

ನಿಂತೆವು. ಮೇಲಿನ ಮೂಲೆಯಲ್ಲಿ ಒಂದು ಅಂಕಿ ಇಳಿಯುತ್ತ ಹೋಯಿತು. ಸೊನ್ನೆಯಾದ ಕೂಡಲೇ ನಮ್ಮ ಗಿಡ್ಡ ತಾನಾಗಿಯೇ ಬಿದ್ದು ಸತ್ತ. ಮರುದಿನ ಮತ್ತೆ ಮೊದಲಿನಿಂದ ಅಲ್ಲಿಯವರೆಗೆ ಹೋಗಿ ನಿಂತೆವು, ಮತ್ತೆ ಸತ್ತ. ಮೂರು ಸಲ ಹೀಗಾಯಿತು.

ಆ ವಾರ ಮಾಮಾ ಬಂದಿದ್ದ. ನಮ್ಮ ಗೋಳು ಕೇಳಿ, ಬಿದ್ದು ಬಿದ್ದು ನಕ್ಕ. “ಇದನ್ನ ಮೋಡಿ ಅಂತ ಹೇಳಿದಾಂವ ಯಾಂವ? ಇದು ಜಪಾನಿ ಭಾಷಾ. ಡಬ್ಬಿ ಮ್ಯಾಲೂ ಅದ ಐತಲ್ಲ.” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅಜ್ಜನೇ ಓದಿದ್ದೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಮೈ ಉರಿಯಿತು. ನನ್ನ ಚಿಂತೆ ಭಾಷೆಯದಲ್ಲ, ಶಾಲೆಯ ಹುಡುಗಿಯರಿಗೆ ಈಗ ಏನು ಹೇಳಲಿ ಎಂಬುದು. ಪಡಸಾಲೆಗೆ ಓಡಿದೆ. ಅಲ್ಲಿ ಹತ್ತರಗಿಯಿಂದ ಇಬ್ಬರು ಅಣ್ಣತಮ್ಮಂದಿರು ಬಂದು ಕೂತಿದ್ದರು. ಅವರ ಹೊಲದ ಹಳೆಯ ಪತ್ರ ಅಜ್ಜನ ಕೈಯಲ್ಲಿತ್ತು, ಆಗಷ್ಟೇ ಬಿಚ್ಚಿದ್ದ. ಅದನ್ನು ಕಂಡೂ ನಾನು ಹೇಳಿದೆ.

“ಅಜ್ಜಾ, ಅದು ಮೋಡಿ ಅಲ್ಲಂತ, ಜಪಾನಿ ಅಂತ. ನಿನಗ ಓದಾಕ ಬರೂದಿಲ್ಲ. ಬಾಯಿಗೆ ಬಂದದ್ದ ಹೇಳಿದಿ.”

ಅಣ್ಣನಾದವನು ಅಜ್ಜನ ಕೈಯಲ್ಲಿದ್ದ ಪತ್ರ ನೋಡಿದ, ಅಜ್ಜನ ಮುಖ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, “ಇರ್ಲಿ ಬಿಡ್ರಿ ಅಜ್ಜಾರ, ಏನ ಅವಸರ ಇಲ್ಲ. ಮತ್ತೊಮ್ಮಿ ಬರ್ತೇವಿ,” ಎಂದು ಪತ್ರವನ್ನು ಮೆಲ್ಲಗೆ ಇಸಿದುಕೊಂಡ. ಅವರು ಚಹಾ ಕೂಡ ಕುಡಿಯದೆ ಎದ್ದರು. ಮತ್ತೊಮ್ಮೆ ಬರಲಿಲ್ಲ.

ಅಜ್ಜ ನನ್ನನ್ನು ಬೈಯಲಿಲ್ಲ. ಅವರು ಹೋದ ಮೇಲೆ ಒಂದೇ ಮಾತು ಕೇಳಿದ, “ಜಪಾನ ಮಂದಿನೂ ಮ್ಯಾಲೆ ಗೆರಿ ಎಳೀತಾರೇನ ತಂಗಿ?”

“ನನಗೇನ ಗೊತ್ತು,” ಎಂದು ಒಳಗೆ ಹೋದೆ.

ಅವತ್ತೇ ತಮ್ಮ ಕಪ್ಪು ಗುಂಡಿಯ ಪಟ್ಟಿ ಕಿತ್ತ. ಅಂಟಿನ ಕಲೆ ಇವತ್ತಿಗೂ ರಿಮೋಟಿನ ಮೇಲಿದೆ. ಏಡಿ, ಹಕ್ಕಿ, ಬಾವಿಯ ಹತ್ತಿರದವನು, ಎಲ್ಲರನ್ನೂ ಹೊಡೆಯುತ್ತ ಹೋದೆವು. ಮೂರು ತಿಂಗಳ ದಾರಿ ಅರ್ಧ ತಾಸಿನಲ್ಲಿ ಮುಗಿಯಿತು. ದೈತ್ಯ ಹನ್ನೆರಡು ಏಟಿಗೆ ಬಿದ್ದ. ಬಾಗಿಲು ತೆರೆಯಿತು. ಪರದೆಯ ತುಂಬ ಅಕ್ಷರ ಬಂದು ನಿಂತವು. ನಾನು ತಮ್ಮನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅಜ್ಜ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ, ಕರೆಯಲು ಇಬ್ಬರಿಗೂ ಬಾಯಿ ಬರಲಿಲ್ಲ. ತಮ್ಮ ಎದ್ದು ಸ್ವಿಚ್ ಆರಿಸಿದ. ಆಮೇಲೆ ನಾವು ಆ ಆಟ ಆಡಲೇ ಇಲ್ಲ.

ಆಡಲಿಲ್ಲವೆಂದರೆ ಅವ್ವ ನಂಬುತ್ತಿರಲಿಲ್ಲ. ಮಧ್ಯಾಹ್ನ ಅವಳು ಅಪ್ಪನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋಗಿರುತ್ತಿದ್ದಳು. ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಶಾಲೆಯಿಂದ ಊಟಕ್ಕೆ ಬಂದು ಹೋಗುತ್ತಿದ್ದೆವು. ಸಂಜೆ ಬಂದರೆ ಬೈಗುಳ ಶುರು. “ಟಿವಿ ಬೆನ್ನ ಸುಡಾಕತ್ತಿತ್ತು. ಊಟಕ್ಕ ಬಂದಾಗ ಆಟಾ ಹಚ್ಚಿದವ್ರ ಯಾರು?” ನಾನು ‘ತಮ್ಮ’ ಎಂದೆ, ತಮ್ಮ ‘ಅಕ್ಕ’ ಎಂದ. ಇಬ್ಬರಿಗೂ ಸಮನಾಗಿ ಬಿದ್ದವು. ತಮ್ಮ ಸುಳ್ಳ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಅದಾದ ಮೇಲೂ ಕಾಗದ ಹಿಡಿದು ಒಬ್ಬಿಬ್ಬರು ಬಂದರು. ಅಜ್ಜ, “ಕಣ್ಣ ಮಂಜಾಗ್ಯಾವ್ರಿ. ಧುಪದಾಳದಾಗ ಒಬ್ರ ಅದಾರ, ಅವರ ಕಡೆ ಹೋಗ್ರಿ,” ಎಂದು ಕಳಿಸಿಬಿಡುತ್ತಿದ್ದ. ಅದೇ ಕಣ್ಣಿನಿಂದ ಮುಂಜಾನೆ ಪೇಪರು ಓದುತ್ತಿದ್ದ. ನಾನು ಪಿಯುಸಿಗೆಂದು ಗೋಕಾಕಕ್ಕೆ ಹೋದ ವರ್ಷ ತೀರಿಕೊಂಡ. ತಪ್ಪಾಯಿತು ಅಜ್ಜಾ ಎಂದು ಹೇಳಲು ನನಗೆ ನಾಲ್ಕು ವರ್ಷ ಸಮಯವಿತ್ತು, ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಕೂಡ ಅಂದುಕೊಂಡಿದ್ದಲ್ಲ, ಅವನ ಎದುರು ನಿಂತರೆ ಬೇರೆ ಏನೋ ಮಾತು ಬರುತ್ತಿತ್ತು.

ಹೋದ ವರ್ಷ ಹುಕ್ಕೇರಿಯ ಸೈಬರ್ ಕೆಫೆಯಲ್ಲಿ ಕೂತು, ಹಳೆಯ ಆಟಗಳ ಚಿತ್ರ ಒಂದೊಂದಾಗಿ ನೋಡುತ್ತ ಹೋದಾಗ ನಮ್ಮ ಗಿಡ್ಡ ಸಿಕ್ಕ. ಯಾವ ದೇಶದವನೋ ಒಬ್ಬ ಅಭಿಮಾನಿ ಆಟದ ಬರಹವನ್ನೆಲ್ಲ ಇಂಗ್ಲಿಷಿಗೆ ತಂದು ಹಾಕಿದ್ದ. ಮೊದಲ ಪುಟ: ನಿನ್ನ ಗುರುವನ್ನು ಕೊಂದವರು ಈ ದಾರಿಯಲ್ಲಿದ್ದಾರೆ, ಒಬ್ಬರನ್ನೂ ಬಿಡಬೇಡ. ಕೊನೆಯ ಪುಟ: ಸೇಡು ತೀರಿತು. ಅಷ್ಟೇ. ಹಾಳಾದ ಅದೇ ಕಥೆ. ಚೀಲದಲ್ಲಿ ಪತ್ರವಿಲ್ಲ, ಬಾವಿಯ ಹತ್ತಿರದವನಿಗೆ ಹೆಂಡತಿ ಇಲ್ಲ. ಮನೆಗೆ ಬಂದು ಊಟ ಮಾಡದೆ ಮಲಗಿದೆ. ಆಟಗಳ ಕಥೆಯ ಬಗ್ಗೆ ನನ್ನ ಬೇಸರ ಶುರುವಾದದ್ದು ಆವತ್ತಿನಿಂದಲೇ ಇರಬೇಕು.

ಇವತ್ತು ರವಿವಾರ. ಉತ್ತರ ಪತ್ರಿಕೆಗಳ ಅಂಕ ಕೂಡಿಸಲು ಒಂದು ಖಾಲಿ ಹಾಳೆ ಬೇಕಿತ್ತು. ಚೀಲದಲ್ಲಿದ್ದ ಇತಿಹಾಸದ ನೋಟ್‌ಬುಕ್ಕಿನ ಕೊನೆಯಲ್ಲಿ ಸಿಕ್ಕೀತೆಂದು ತೆಗೆದೆ. ಖಾಲಿ ಇರಲಿಲ್ಲ. ಹಿಂದಿನಿಂದ ಇಪ್ಪತ್ತು ಇಪ್ಪತ್ತೈದು ಹಾಳೆ ತುಂಬಿದ್ದವು. ಪ್ರತಿ ಹಾಳೆಯಲ್ಲೂ ಮೊದಲು ಒಂದು ನೇರ ಗೆರೆ, ಕೆಳಗೆ ಆ ಅಕ್ಷರಗಳು. ಟಿವಿಯಲ್ಲಿ ಇದ್ದ ಹಾಗೆಯೇ, ಚುಕ್ಕೆ ಚುಕ್ಕೆಯಾಗಿ, ಮಸಿ ಪೆನ್ನಿನಿಂದ ನಕಲು ಮಾಡಿದ್ದು. ಒಂದೊಂದರ ಕೆಳಗೂ ಅದಕ್ಕೆ ಹತ್ತಿರದ ಮೋಡಿ ಅಕ್ಷರ, ಅದರ ಕೆಳಗೆ ಕನ್ನಡದಲ್ಲಿ ಕ, ತ, ಲ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ. ಹೊಡೆದು ಹಾಕಿ ಮತ್ತೆ ಬರೆದದ್ದು. ಅಂದರೆ ಮಧ್ಯಾಹ್ನ ನಾವಿಬ್ಬರೂ ಉಂಡು ಹೋದ ಮೇಲೆ ಅಜ್ಜ ಟಿವಿ ಹಚ್ಚಿಕೊಂಡು ಕೂಡುತ್ತಿದ್ದ.

ಹಾಳೆ ತಿರುವುತ್ತ ಹೋದ ಹಾಗೆ ನನಗೆ ತಿಳಿಯಿತು, ಇಪ್ಪತ್ತೈದು ಹಾಳೆಯಲ್ಲೂ ಇದ್ದದ್ದು ಒಂದೇ ಪುಟ. ಆಟ ಹಚ್ಚಿದರೆ ಮೊದಲು ಬರುವ ಪುಟ. ಎರಡನೆಯದು ಎಲ್ಲೂ ಇಲ್ಲ. ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಹೀಗೆ ಬರೆದಿದ್ದಾನೆ:

‘ಇದು ಮೋಡಿ ಅಲ್ಲ. ಹುಡುಗಿ ಹೇಳಿದ್ದು ಖರೆ. ಆದರೆ ಅಕ್ಷರ ಬಹಳ ಚಂದ ಬರೆದಿದ್ದಾರೆ. ಮುಂದಿನ ಪುಟ ತೆಗೆಯುವುದು ಹೇಗೆ ಎಂದು ಹುಡುಗಿಯನ್ನು ಕೇಳಬೇಕು.’

ಕೇಳಲಿಲ್ಲ ಅವನು. ಕೇಳುವ ಹಾಗೆ ನಾನು ಇಟ್ಟಿರಲಿಲ್ಲ.

ಕೆಂಪು ಗುಂಡಿ, ಅಜ್ಜಾ. ಬಲಗಡೆಯದು. ಒಂದು ಸಲ ಒತ್ತಿದ್ದರೆ ಸಾಕಿತ್ತು.